ಬಿಜಾಂಟಿಯಂನ ಬೆಳ್ಳಿಯೂ ಅಕ್ಕಿಆಲೂರಿನ ಹೊನ್ನೂ

ಹೋಟೆಲಿನ ಗಲ್ಲಾದಲ್ಲಿ ಕುಳಿತವರಿಗೂ ಕಚೇರಿಯ ಗುಮಾಸ್ತರಿಗೂ ನಾಣ್ಯವೆಂದರೆ ಎಣಿಸಿ ಒಪ್ಪಿಸತಕ್ಕ ವಸ್ತು. ಎಣಿಸುವುದನ್ನು ಬಿಟ್ಟು ಅದನ್ನು ಓದುತ್ತ ಕೂಡುವ ಹವ್ಯಾಸಿಗಳೂ ಚೆನ್ನೈಯಲ್ಲಿ ಉಂಟು. ಅಂಥವರ ಕಣ್ಣಿಗೆ ಬಿಜಾಂಟಿಯಂ ಸಾಮ್ರಾಜ್ಯದ ಬೆಳ್ಳಿಯು ಬಲು ಸ್ವಾರಸ್ಯದ್ದು.

ಕಾನ್‌ಸ್ಟಾಂಟಿನೋಪಲಿನ ಅರಸರಿಗೆ ಮೆಚ್ಚಾದುದು ಚಿನ್ನ. ಬೆಳ್ಳಿ ಅಲ್ಲಿ ಬಡ ನೆಂಟ. 615ರಲ್ಲಿ, ಪಾರಸಿಕರೊಡನೆ ಯುದ್ಧ ನಡೆದಿದ್ದಾಗ, ಹೆರಾಕ್ಲಿಯಸ್ ಚಕ್ರವರ್ತಿಯು ಸುಮಾರು ಆರೂವರೆ ಗ್ರಾಮಿನ ಬೆಳ್ಳಿ ನಾಣ್ಯವನ್ನು ಹೊರಡಿಸಿದನು. ರೋಮನರಿಗೆ ದೇವರು ನೆರವಾಗಲೆಂಬ ಮೊರೆಯೇ ಅದರ ಮೇಲಿನ ಬರಹ. ಸುಮಾರು 720ರಲ್ಲಿ ಮೂರನೆಯ ಲಿಯೋ ಟಂಕಿಸಿದ ಮಿಲಿಯರೇಸಿಯನ್ ತೆಳುವಾದುದು, ಅಗಲವಾದುದು. ಅದರಲ್ಲಿ ಅರಸನ ಮುಖವಿಲ್ಲ. ಒಂದು ಕಡೆ ಶಿಲುಬೆ, ಇನ್ನೊಂದು ಕಡೆ ಬರಹದ ಸಾಲುಗಳು. ಅರಬರ ದಿರ್ಹಮ್‌ಗಳ ಮೇಲೆಯೇ ಅಚ್ಚೊತ್ತಿದವೂ ಕೆಲವುಂಟು. ಶತ್ರುವಿನ ಅಕ್ಷರ ಅಡಿಯಲ್ಲಿ ಮಸುಕಾಗಿ ಉಳಿದಿರುತ್ತದೆ. ಸಂಗ್ರಾಹಕನು ಭೂತಗನ್ನಡಿ ಹಿಡಿದು ಹುಡುಕುವುದು ಅದನ್ನೇ.

ನಮ್ಮ ನೆಲಕ್ಕೆ ಬಂದ ಹಣದ ಕತೆ ಬೇರೆ. ಮೊದಲು ಬಂದುದು ಹಳೆಯ ರೋಮಿನ ಬೆಳ್ಳಿ. 1891ರಲ್ಲಿ ಬೆಂಗಳೂರಿನ ಯಶವಂತಪುರದಲ್ಲಿ ರೈಲುದಾರಿಯ ಕೆಲಸಕ್ಕಾಗಿ ಅಗೆದಾಗ 163 ಬೆಳ್ಳಿ ನಾಣ್ಯಗಳು ಸಿಕ್ಕಿದವು. ಆಗಸ್ಟಸ್, ಟೈಬೀರಿಯಸ್ ಮೊದಲಾದವರ ಕಾಲದವು ಅವು. ಮುಂದೆ ಐದು, ಆರನೆಯ ಶತಮಾನಗಳಲ್ಲಿ ಬಂದುದು ಬಿಜಾಂಟಿಯಂನ ಚಿನ್ನ. ಹಾನಗಲ್ಲು ತಾಲ್ಲೂಕಿನ ಅಕ್ಕಿಆಲೂರಿನಲ್ಲಿ ದೊರೆತ ನಿಧಿಯಲ್ಲಿ ಇಂಥ ನಾಣ್ಯಗಳು 40ಕ್ಕೂ ಮಿಕ್ಕಿದ್ದವು; 527ರಲ್ಲಿ ತೀರಿಕೊಂಡ ಒಂದನೆಯ ಜಸ್ಟಿನನವೂ ಅದರಲ್ಲಿದ್ದವು. ದಕ್ಷಿಣದಲ್ಲಿ ಸಿಕ್ಕಿದ ಈ ಬಗೆಯ ಹಲವು ನಾಣ್ಯಗಳಿಗೆ ಅರಸನ ತಲೆಯ ಮೇಲ್ಗಡೆ ಎರಡು ತೂತುಗಳಿವೆ. ದಾರ ಪೋಣಿಸಿದರೆ ಮುಖವು ನೆಟ್ಟಗೆ ನಿಲ್ಲಬೇಕಲ್ಲ! ಕಾನ್‌ಸ್ಟಾಂಟಿನೋಪಲಿನ ದೊರೆ ಇಲ್ಲಿ ಯಾರದೋ ಕೊರಳಿನ ಆಭರಣವಾಗಿದ್ದನು.

ಇಷ್ಟೆಲ್ಲ ತಿಳಿದುದು ಅವು ಸಿಕ್ಕಿದ ಸ್ಥಳ ಗೊತ್ತಿದ್ದುದರಿಂದ. ಅಕ್ಕಸಾಲಿಗನ ಮೂಸೆಗೆ ಬಿದ್ದಿದ್ದರೆ ಚಿನ್ನದ ಬೆಲೆ ಬರುತ್ತಿತ್ತು, ಅಷ್ಟೆ.

ಇಲ್ಲಿ ದುಡಿದ ಹಣದಿಂದ ಊರಿನಲ್ಲಿ ಮನೆಗೆ ಅಡಿಪಾಯ ತೋಡಿಸುವವರು ನಮ್ಮಲ್ಲಿ ಅನೇಕರು. ಗುದ್ದಲಿಗೆ ಕುಡಿಕೆಯೊಂದು ತಗುಲಿದರೆ ಜಿಲ್ಲೆಯ ಅಧಿಕಾರಿಗೆ ತಿಳಿಸತಕ್ಕದ್ದೆಂದು ಕಾಯಿದೆಯೇ ಉಂಟು: ತಮಿಳುನಾಡಿನಲ್ಲಿ 1878ರದು, ಕರ್ನಾಟಕದಲ್ಲಿ 1962ರದು. ನಾಣ್ಯವನ್ನು ಹುಣಿಸೆಹಣ್ಣು ಹಾಕಿ ತಿಕ್ಕಬಾರದು. ಕುಡಿಕೆಯ ಚೂರುಗಳನ್ನು ಎಸೆಯಲೂಬಾರದು. ಎಷ್ಟು ಆಳದಲ್ಲಿ ಸಿಕ್ಕಿತೆಂಬುದನ್ನು ಅಂದೇ ಬರೆದಿಟ್ಟುಕೊಳ್ಳಬೇಕು.