ಕನ್ನಡಿಯಲ್ಲಿ ಬಂದ ಬಿಸಿಲು: ಮಕ್ಕಳ ಮಾದರಿಗಳಿಗೆ ಮನೆಯದೇ ಬೆಳಕು

ವಿಜ್ಞಾನ ಪ್ರದರ್ಶನಕ್ಕಾಗಿ ಮಕ್ಕಳು ತಯಾರಿಸುವ ಮಾದರಿಗಳ ಆಯುಷ್ಯ ಬಹಳ ಕಡಿಮೆ. ರಟ್ಟು, ಜೇಡಿಮಣ್ಣು, ಥರ್ಮೋಕೋಲುಗಳಿಂದ ವಾರಗಟ್ಟಲೆ ಶ್ರಮಿಸಿ ಕಟ್ಟಿದ ತುಂಗಭದ್ರಾ ಅಣೆಕಟ್ಟೋ, ಆದೋನಿಯ ಬೆಟ್ಟದ ಕೋಟೆಯೋ ಪ್ರದರ್ಶನ ಮುಗಿದ ಕೆಲವೇ ದಿನಗಳಲ್ಲಿ ಶಾಲೆಯ ಮೂಲೆಯನ್ನು ಸೇರುತ್ತದೆ. ಆಮೇಲೆ ಉಳಿಯುವುದು ಅದರ ಛಾಯಾಚಿತ್ರ ಮಾತ್ರ.

ಗಡಿನಾಡಿನ ಮಕ್ಕಳಿಗೆ ಆ ಚಿತ್ರದ ಮಹತ್ವ ಇನ್ನೂ ಹೆಚ್ಚು. ಆದೋನಿ, ಆಲೂರು ತಾಲ್ಲೂಕುಗಳು 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರ ರಾಜ್ಯಕ್ಕೆ ಸೇರಿದವು. ಆ ಬಳಿಕವೂ ಇಲ್ಲಿ ಕನ್ನಡ ಮಾಧ್ಯಮದ ಶಾಲೆಗಳು ಉಳಿದುಬಂದಿವೆ. ಆದರೆ ಮಾದರಿಯು ಶಾಲೆಯ ಹೊಸ್ತಿಲು ದಾಟಿ ಮೇಲಿನ ಹಂತಕ್ಕೆ ಹೋದಾಗ, ಅದರ ಜೊತೆಗಿರುವ ಕನ್ನಡದ ವಿವರಣೆಯನ್ನು ಓದಬಲ್ಲವರು ಅಲ್ಲಿ ಇರದಿರಬಹುದು. ಆಗ ಮಗುವಿನ ಪರವಾಗಿ ಮಾತನಾಡಬೇಕಾದುದು ಚಿತ್ರವೇ.

ಹೀಗಿದ್ದರೂ ಬಹುತೇಕ ಚಿತ್ರಗಳು ಮೊಬೈಲಿನ ಫ್ಲಾಶ್ ಬೆಳಕಿನಲ್ಲಿ ಅವಸರದಿಂದ ತೆಗೆದವು. ಫ್ಲಾಶ್ ಮಸೂರದ ಪಕ್ಕದಲ್ಲೇ ಇರುವುದರಿಂದ ನೆರಳು ವಸ್ತುವಿನ ಹಿಂದೆ ಅಡಗಿಬಿಡುತ್ತದೆ. ನೆರಳಿಲ್ಲದೆ ಉಬ್ಬುತಗ್ಗು ತಿಳಿಯದು. ಕೋಟೆಯ ಗೋಡೆ ಬರಿಯ ರಟ್ಟಾಗಿ ಕಾಣುತ್ತದೆ. ಇದಕ್ಕೆ ಸ್ಟುಡಿಯೋದ ದುಬಾರಿ ದೀಪಗಳೇ ಬೇಕೆಂಬ ಭಾವನೆ ಪಾಲಕರಲ್ಲಿ ಸಾಮಾನ್ಯ. ಕನ್ನಡಿಗರೇ ಆದ ಒಬ್ಬ ಮಹಾನ್ ಛಾಯಾಗ್ರಾಹಕರ ಕೆಲಸ ಈ ಭಾವನೆಯನ್ನು ಸುಳ್ಳಾಗಿಸುತ್ತದೆ.

ಮೈಸೂರಿನ ಮೂರ್ತಿಯವರ ಕನ್ನಡಿ

ವಿ. ಕೆ. ಮೂರ್ತಿಯವರು 1923ರಲ್ಲಿ ಮೈಸೂರಿನಲ್ಲಿ ಜನಿಸಿ, ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಕಲಿತು, ಮುಂಬಯಿಯಲ್ಲಿ ಗುರುದತ್ತರ ಚಿತ್ರಗಳಿಗೆ ಕ್ಯಾಮೆರಾ ಹಿಡಿದವರು. 1959ರ ‘ಕಾಗಜ್ ಕೆ ಫೂಲ್’ ಚಿತ್ರದ ಒಂದು ಹಾಡಿಗೆ, ಮೇಲಿನಿಂದ ನೇರವಾಗಿ ಇಳಿಯುವ ಬೆಳಕಿನ ಕಂಬವೊಂದು ಬೇಕಾಗಿತ್ತು. ಮೂರ್ತಿಯವರು ಸ್ಟುಡಿಯೋದ ಹೊರಗೆ ದೊಡ್ಡ ಕನ್ನಡಿಯೊಂದನ್ನು ನಿಲ್ಲಿಸಿ, ಬಿಸಿಲನ್ನು ಒಳಗಿನ ಮತ್ತೊಂದು ಕನ್ನಡಿಗೆ ಹಾಯಿಸಿ, ಅಲ್ಲಿಂದ ಕೆಳಕ್ಕೆ ತಿರುಗಿಸಿದರು. ಗಾಳಿಯಲ್ಲಿ ಹರಡಿದ ಹೊಗೆಯಿಂದ ಆ ಬೆಳಕು ಕಣ್ಣಿಗೆ ಕಟ್ಟಿತು. ಆ ಚಿತ್ರದ ಛಾಯಾಗ್ರಹಣಕ್ಕೆ ಅವರಿಗೆ ಫಿಲ್ಮ್‌ಫೇರ್ ಪ್ರಶಸ್ತಿ ದೊರೆಯಿತು. ಮುಂದೆ 2008ನೆಯ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿಗೆ ಪಾತ್ರರಾದಾಗ, ಆ ಗೌರವ ಪಡೆದ ಮೊದಲ ಛಾಯಾಗ್ರಾಹಕರೂ ಅವರೇ ಆದರು.

ಇದೇ ಉಪಾಯ ಪುಟ್ಟ ಮಾದರಿಗೆ ಇನ್ನೂ ಚೆನ್ನಾಗಿ ಒಪ್ಪುತ್ತದೆ. ಸೂರ್ಯ ಅತಿ ದೂರದಲ್ಲಿರುವುದರಿಂದ ಅವನ ಕಿರಣಗಳು ಬಹುಮಟ್ಟಿಗೆ ಸಮಾನಾಂತರವಾಗಿರುತ್ತವೆ. ಆದ್ದರಿಂದ ನಿಜವಾದ ಕೋಟೆಯ ಎಲ್ಲ ಬುರುಜುಗಳ ನೆರಳೂ ಒಂದೇ ದಿಕ್ಕಿಗೆ ಬೀಳುತ್ತದೆ. ಮಾದರಿಯ ಹತ್ತಿರ ಟಾರ್ಚ್ ಹಿಡಿದರೆ ನೆರಳುಗಳು ಬೀಸಣಿಗೆಯಂತೆ ಹರಡಿ, ಅದು ಆಟಿಕೆಯೆಂದು ನೋಡುವವರಿಗೆ ತಿಳಿದುಬಿಡುತ್ತದೆ. ಸಮತಲ ಕನ್ನಡಿಯಾದರೋ ಕಿರಣಗಳ ಆ ಗುಣವನ್ನು ಕೆಡಿಸದೆ ದಿಕ್ಕನ್ನಷ್ಟೇ ಬದಲಿಸುತ್ತದೆ. ನಡುಹಗಲಿನ ಬಿಸಿಲನ್ನು ಬಾಗಿಲಿನಿಂದ ಓರೆಯಾಗಿ ಒಳಗೆ ಕಳುಹಿಸಿದರೆ ಮೇಜಿನ ಮೇಲಿನ ಕೋಟೆಗೆ ಸಂಜೆಯಾಗುತ್ತದೆ. ಊದುಬತ್ತಿಯ ಹೊಗೆ ಹಾಯಿಸಿದರೆ ಬೆಳಕಿನ ಕೋಲೂ ಕಾಣುತ್ತದೆ.

ಆದರೆ ಸೂರ್ಯ ಕಾಯುವುದಿಲ್ಲ. ನಾಲ್ಕು ನಿಮಿಷಕ್ಕೆ ಸುಮಾರು ಒಂದು ಡಿಗ್ರಿ ಸರಿಯುವುದರಿಂದ, ನಾಲ್ಕು ಮೀಟರ್ ದೂರದ ಕನ್ನಡಿಯಿಂದ ಬಿದ್ದ ಬೆಳಕು ಅಷ್ಟರಲ್ಲಿ ಏಳು ಸೆಂಟಿಮೀಟರಿನಷ್ಟು ಜಾರಿರುತ್ತದೆ. ಒಬ್ಬರು ಕನ್ನಡಿಯ ಬಳಿ ನಿಂತು ಸರಿಪಡಿಸುತ್ತಿರಬೇಕು.

ಪಂಚೆ, ಟಾರ್ಚ್, ದೀಪ

ನೆರಳು ಮೃದುವಾಗಬೇಕಾದರೆ ಬೆಳಕು ಅಗಲವಾದ ಜಾಗದಿಂದ ಬರಬೇಕು. 1956ರ ‘ಅಪರಾಜಿತೊ’ ಚಿತ್ರಕ್ಕಾಗಿ ಸುಬ್ರತ ಮಿತ್ರರು ಕಾಶಿಯ ಮನೆಯ ಸೆಟ್ಟಿನ ಮೇಲೆ ಬಿಳಿಯ ಬಟ್ಟೆ ಕಟ್ಟಿ, ದೀಪಗಳನ್ನು ಅದರತ್ತ ತಿರುಗಿಸಿ, ಬಟ್ಟೆಯಿಂದ ಮರಳಿದ ಬೆಳಕನ್ನೇ ಆಕಾಶದ ಬೆಳಕಾಗಿಸಿದರು. ಹತ್ತಿಯ ವ್ಯಾಪಾರಕ್ಕೆ ಹೆಸರಾದ ಆದೋನಿಯಲ್ಲಿ ಬಿಳಿಯ ಬಟ್ಟೆಗೆ ಬರವಿಲ್ಲ. ಕಿಟಕಿಗೆ ಕಟ್ಟಿದ ತೆಳು ಪಂಚೆ ಬಿಸಿಲನ್ನು ಸೋಸಿ ಒಳಗೆ ಬಿಡುತ್ತದೆ. ಕಿಟಕಿಯ ಎದುರು ಬದಿಗೆ ಹಿಡಿದ ಇನ್ನೊಂದು ಬಿಳಿಬಟ್ಟೆ ಕತ್ತಲಾದ ಭಾಗವನ್ನು ತಿಳಿಗೊಳಿಸುತ್ತದೆ.

ನಟನಿಗಿಲ್ಲದ ಒಂದು ಅನುಕೂಲ ಮಾದರಿಗಿದೆ: ಅದು ಅಲುಗಾಡುವುದಿಲ್ಲ. ಹಾಗಾಗಿ ಬೆಳಕು ಕಡಿಮೆಯಾದರೆ ಸಮಯವನ್ನು ಹೆಚ್ಚಿಸಬಹುದು. ಕೋಣೆಯನ್ನು ಕತ್ತಲಾಗಿಸಿ, ಮೊಬೈಲನ್ನು ಪುಸ್ತಕಗಳ ರಾಶಿಗೆ ಒರಗಿಸಿ, ಹತ್ತು ಸೆಕೆಂಡಿನಷ್ಟು ಕಾಲ ಬೆಳಕು ಸ್ವೀಕರಿಸುವಂತೆ ಹೊಂದಿಸಿ, ಟಾರ್ಚನ್ನು ನಿಧಾನವಾಗಿ ಆಡಿಸಿದರೆ ಬೇಕಾದ ಕಡೆಗಳಿಗೆಲ್ಲ ಬೆಳಕನ್ನು ಸವರಬಹುದು. ಟಾರ್ಚನ್ನು ದೂರ ಒಯ್ದಷ್ಟೂ ನೆರಳುಗಳು ಸಮಾನಾಂತರವಾಗುತ್ತ ಹೋಗುತ್ತವೆ; ದೂರ ಇಮ್ಮಡಿಯಾದರೆ ಬೆಳಕು ನಾಲ್ಕನೆಯ ಒಂದು ಭಾಗಕ್ಕೆ ಇಳಿಯುವುದರಿಂದ ಸಮಯವನ್ನು ನಾಲ್ಕು ಪಟ್ಟು ಮಾಡಬೇಕು. ಪಠ್ಯಪುಸ್ತಕದ ವಿಲೋಮ ವರ್ಗ ನಿಯಮ ಇಲ್ಲಿ ಕೈಗೇ ಸಿಗುತ್ತದೆ.

ಹಣತೆಯ ಬೆಳಕು ಕೆಂಪು ಬೆರೆತ ಹಳದಿ, ಟ್ಯೂಬ್‌ಲೈಟಿನದು ಬಿಳುಪು. ಎರಡನ್ನೂ ಬೆರೆಸಿದರೆ ಚಿತ್ರದ ಬಣ್ಣ ಕಲಸಿಹೋಗುತ್ತದೆ. ಒಂದು ಚಿತ್ರಕ್ಕೆ ಒಂದೇ ಬಗೆಯ ಬೆಳಕು ಲೇಸು. ರಟ್ಟು, ಹತ್ತಿ, ಥರ್ಮೋಕೋಲುಗಳ ಬಳಿ ಬೆಂಕಿ ಸಲ್ಲದು. ಮಾದರಿಯ ಹಳ್ಳಿಗೆ ರಾತ್ರಿಯ ದೀಪ ಬೇಕಿದ್ದರೆ ಹಳೆಯ ಟಾರ್ಚಿನ ಎಲ್‌ಇಡಿಯೇ ಸಾಕು.

ಎಚ್ಚರ ಮತ್ತು ಪ್ರಾಮಾಣಿಕತೆ

ಕನ್ನಡಿಯ ಬಿಸಿಲನ್ನು ಯಾರ ಕಣ್ಣಿಗೂ ಹಾಯಿಸಬಾರದು. ಕನ್ನಡಿಯಲ್ಲಿ ಸೂರ್ಯನನ್ನು ನೋಡಲೂಬಾರದು. ಕ್ಷೌರದ ಕನ್ನಡಿಗಳಲ್ಲಿ ಕೆಲವು ನಿಮ್ನ ದರ್ಪಣಗಳು. ಅವು ಬಿಸಿಲನ್ನು ಒಂದೆಡೆ ಕೂಡಿಸಿ ಕಾಗದವನ್ನು ಸುಡಬಲ್ಲವು. ಈ ಕೆಲಸದಲ್ಲಿ ಹಿರಿಯರೊಬ್ಬರು ಜೊತೆಗಿರುವುದು ಅವಶ್ಯ.

ಛಾಯಾಚಿತ್ರವೂ ಒಂದು ಸಾಕ್ಷ್ಯ. ಬೆಳಕು ಮಾದರಿಯ ಗುಣವನ್ನು ಎತ್ತಿ ತೋರಿಸಬಹುದು, ದೋಷವನ್ನು ಮುಚ್ಚಿಡಬಾರದು. ಅಣೆಕಟ್ಟಿನ ಬಾಗಿಲು ತೆರೆಯದಿದ್ದರೆ ತೆರೆಯುವಂತೆ ತೋರುವ ನೆರಳನ್ನು ಸೃಷ್ಟಿಸುವುದು ನ್ಯಾಯವಲ್ಲ. ಕೋಟೆಯನ್ನು ನಿಜವೆಂಬಂತೆ ತೋರಿಸುವ ಒಂದು ಚಿತ್ರದ ಜೊತೆಗೆ, ಪಕ್ಕದಲ್ಲಿ ಅಳತೆಪಟ್ಟಿಯಿಟ್ಟು ಹಗಲಿನ ಸಾದಾ ಬೆಳಕಿನಲ್ಲಿ ತೆಗೆದ ಮತ್ತೊಂದು ಚಿತ್ರವಿದ್ದರೆ ನೋಡುವವರಿಗೆ ನಂಬಿಕೆ ಹುಟ್ಟುತ್ತದೆ.

ಮಾದರಿಯನ್ನು ಪ್ರದರ್ಶನಕ್ಕೆ ಸಾಗಿಸುವ ಮುನ್ನವೇ, ಅಂಚು ಮುರಿಯದಿರುವಾಗ, ಈ ಕೆಲಸ ಮುಗಿಯಬೇಕು. ಸಾದಾ ಚಿತ್ರದಲ್ಲಿ ಮಗುವಿನ ಹೆಸರು, ತರಗತಿ ಮತ್ತು ಮಾದರಿಯ ಶೀರ್ಷಿಕೆ ಇರುವ ಚೀಟಿಯೂ ಕಾಣಲಿ: ಮೇಲೆ ಕನ್ನಡದಲ್ಲಿ, ಕೆಳಗೆ ತೆಲುಗಿನಲ್ಲಿ.