ಕಾಯಕದ ಕೈಗೆ ಜೋಮು ಹಿಡಿದಾಗ

ಶರಣ ಪರಂಪರೆಯಲ್ಲಿ ಕೈಗೆ ವಿಶೇಷವಾದ ಸ್ಥಾನವಿದೆ. ಇಷ್ಟಲಿಂಗವು ನೆಲೆಗೊಳ್ಳುವುದು ಎಡಗೈಯ ಅಂಗಳದಲ್ಲಿ. ಕಾಯಕ ಸಾಗುವುದು ಎರಡೂ ಕೈಗಳ ದುಡಿಮೆಯಿಂದ. ದಾಸೋಹ ಸಲ್ಲುವುದು ನೀಡುವ ಕೈಯಿಂದ. ಮಡಿವಾಳ ಮಾಚಿದೇವರು ಬಟ್ಟೆ ಒಗೆದರು, ಜೇಡರ ದಾಸಿಮಯ್ಯನವರು ಮಗ್ಗದಲ್ಲಿ ನೇಯ್ದರು, ನುಲಿಯ ಚಂದಯ್ಯನವರು ಹಗ್ಗ ಹೊಸೆದರು, ಅಂಬಿಗರ ಚೌಡಯ್ಯನವರು ದೋಣಿ ನಡೆಸಿದರು. ಇವೆಲ್ಲವೂ ಕೈಯನ್ನೇ ನಂಬಿದ ಕಾಯಕಗಳು.

ಇಂತಹ ಕೈ ಒಂದು ರಾತ್ರಿ ಜೋಮು ಹಿಡಿದು ನಮ್ಮನ್ನು ಎಬ್ಬಿಸುತ್ತದೆ. ಬೆರಳುಗಳಲ್ಲಿ ಇರುವೆ ಹರಿದಂತೆ, ಸೂಜಿ ಚುಚ್ಚಿದಂತೆ ಆಗುತ್ತದೆ. ‘ವಾಯು ಹಿಡಿದಿದೆ’ ಎಂದೋ ‘ರಕ್ತ ಓಡುತ್ತಿಲ್ಲ’ ಎಂದೋ ಭಾವಿಸಿ ನಾವು ಎಣ್ಣೆ ತಿಕ್ಕಿ ಮಲಗುತ್ತೇವೆ. ಆದರೆ ಬಹಳಷ್ಟು ಸಂದರ್ಭಗಳಲ್ಲಿ ಅದು ಎಲ್ಲಿಯೋ ಒತ್ತಡಕ್ಕೆ ಸಿಲುಕಿದ ನರವೊಂದರ ಮೊರೆ. ಆ ಮೊರೆಯನ್ನು ಕೇಳಿಸಿಕೊಳ್ಳುವ ಬಗೆ ಸರಳವಾದುದು: ಯಾವ ಬೆರಳು ಜೋಮು ಹಿಡಿದಿದೆ ಎಂಬುದನ್ನು ಗಮನಿಸಬೇಕು. ಬೆರಳು ನರದ ಗುರುತನ್ನು ಹೇಳುತ್ತದೆ. ನರವನ್ನು ಗುರುತಿಸುವುದು ಎಷ್ಟು ಮುಖ್ಯವೋ ತಡಮಾಡದಿರುವುದೂ ಅಷ್ಟೇ ಮುಖ್ಯ.

ಕೊರಳಿನಿಂದ ಬೆರಳ ತುದಿಯವರೆಗೆ

ಕೈಯನ್ನು ಆಳುವ ನರಗಳು ಹುಟ್ಟುವುದು ಕೈಯಲ್ಲಿ ಅಲ್ಲ, ಕೊರಳಿನಲ್ಲಿ. ಬೆನ್ನುಹುರಿಯಿಂದ ಹೊರಡುವ ಐದು ನರಮೂಲಗಳು ಕೊರಳಿನ ಪಕ್ಕದಲ್ಲಿ ಜಡೆಯಂತೆ ಹೆಣೆದುಕೊಂಡು, ಕೊರಳೆಲುಬಿನ ಹಿಂದೆ ಹಾದು ಕಂಕುಳಿಗೆ ಇಳಿಯುತ್ತವೆ. ಅಲ್ಲಿ ಅವು ಐದು ಮುಖ್ಯ ನರಗಳಾಗಿ ಕವಲೊಡೆಯುತ್ತವೆ. ಒಂದು ಹೆಗಲ ಮೇಲಿನ ಸ್ನಾಯುವಿಗೆ ಹೋಗಿ ತೋಳನ್ನು ಮೇಲೆತ್ತಿಸುತ್ತದೆ. ಇನ್ನೊಂದು ರಟ್ಟೆಯ ಮುಂಭಾಗದ ಸ್ನಾಯುಗಳಿಗೆ ಹೋಗಿ ಮೊಣಕೈಯನ್ನು ಮಡಿಸುತ್ತದೆ. ಉಳಿದ ಮೂರು ನರಗಳಾದ ರೇಡಿಯಲ್, ಮೀಡಿಯನ್ ಮತ್ತು ಅಲ್ನರ್ ಅಂಗೈ ಹಾಗೂ ಬೆರಳುಗಳವರೆಗೂ ಸಾಗುತ್ತವೆ.

ಪ್ರತಿಯೊಂದು ನರವೂ ಎರಡು ಬಗೆಯ ಕಾರ್ಯ ಮಾಡುತ್ತದೆ. ಮಿದುಳಿನ ಆಜ್ಞೆಯನ್ನು ಸ್ನಾಯುವಿಗೆ ತಲುಪಿಸುವುದು ಒಂದು, ಚರ್ಮದ ಸ್ಪರ್ಶ, ಬಿಸಿ, ನೋವುಗಳ ಸುದ್ದಿಯನ್ನು ಮಿದುಳಿಗೆ ಒಯ್ಯುವುದು ಇನ್ನೊಂದು. ಆದುದರಿಂದ ನರಕ್ಕೆ ಪೆಟ್ಟಾದಾಗ ಜೋಮು ಮತ್ತು ಬಲಹೀನತೆ ಎರಡೂ ಕಾಣಿಸಿಕೊಳ್ಳಬಹುದು. ಒತ್ತಡದಿಂದ ಬರುವ ತೊಂದರೆಯಲ್ಲಿ ಸಾಮಾನ್ಯವಾಗಿ ಜೋಮು ಮೊದಲು, ಬಲಹೀನತೆ ಅನಂತರ.

ರೇಡಿಯಲ್ ನರ: ಕೈ ಜೋತುಬಿದ್ದಾಗ

ಈ ನರವು ರಟ್ಟೆಯ ಮೂಳೆಯ ಹಿಂಭಾಗವನ್ನು ಸುತ್ತಿಕೊಂಡು ಇಳಿಯುತ್ತದೆ. ಮೊಣಕೈಯನ್ನು ನೀಡುವುದು, ಮಣಿಕಟ್ಟನ್ನು ಹಿಂದಕ್ಕೆ ಎತ್ತುವುದು, ಬೆರಳುಗಳನ್ನು ಬಿಡಿಸುವುದು ಇದರ ಕೆಲಸ. ಮೂಳೆಗೆ ಅಂಟಿಕೊಂಡಂತೆ ಇರುವುದರಿಂದ ರಟ್ಟೆಯ ಮೂಳೆ ಮುರಿದಾಗ ಇದಕ್ಕೂ ಪೆಟ್ಟಾಗಬಹುದು. ಕುರ್ಚಿಯ ಬೆನ್ನಿನ ಮೇಲೆ ತೋಳು ಹಾಕಿ ಗಾಢವಾಗಿ ನಿದ್ರಿಸಿದವರಲ್ಲಿಯೂ, ಕಂಕುಳಿಗೆ ಒತ್ತುವ ಊರುಗೋಲನ್ನು ಬಳಸುವವರಲ್ಲಿಯೂ ಇದು ನಲುಗುತ್ತದೆ. ಆಗ ಕೈ ಮಣಿಕಟ್ಟಿನಲ್ಲಿ ಜೋತುಬೀಳುತ್ತದೆ. ಹೆಬ್ಬೆರಳಿನ ಬುಡದ ಹಿಂಭಾಗದಲ್ಲಿ ಸ್ಪರ್ಶ ಮಂದವಾಗುತ್ತದೆ.

ಮಣಿಕಟ್ಟು ನೆಟ್ಟಗೆ ನಿಲ್ಲದಿದ್ದರೆ ಮುಷ್ಟಿಯ ಹಿಡಿತವೂ ಸಡಿಲವಾಗುತ್ತದೆ. ಒತ್ತಡದಿಂದಷ್ಟೇ ಆದ ತೊಂದರೆ ಸಾಮಾನ್ಯವಾಗಿ ಕೆಲವು ವಾರಗಳಿಂದ ಕೆಲವು ತಿಂಗಳುಗಳಲ್ಲಿ ತಾನಾಗಿಯೇ ವಾಸಿಯಾಗುತ್ತದೆ. ಅಲ್ಲಿಯವರೆಗೆ ಕೈ ಜೋತುಬೀಳದಂತೆ ಆಧಾರಪಟ್ಟಿ ಧರಿಸಿ, ಕೀಲುಗಳು ಬಿಗಿಯದಂತೆ ವ್ಯಾಯಾಮ ಮಾಡಬೇಕು.

ಮೀಡಿಯನ್ ನರ: ರಾತ್ರಿ ಎಬ್ಬಿಸುವ ಜೋಮು

ಮಣಿಕಟ್ಟಿನ ಒಳಬದಿಯಲ್ಲಿ ಮೂಳೆಗಳ ತೊಟ್ಟಿಲಿನ ಮೇಲೆ ಗಟ್ಟಿಯಾದ ಪಟ್ಟಿಯೊಂದು ಹಾದು ಕಿರಿದಾದ ಸುರಂಗ ಉಂಟಾಗಿದೆ. ಅದರೊಳಗೆ ಬೆರಳು ಮಡಿಸುವ ಒಂಬತ್ತು ಸ್ನಾಯುರಜ್ಜುಗಳು ಸಾಗುತ್ತವೆ. ಅವುಗಳ ನಡುವೆ ಸಾಗುವುದು ಮೀಡಿಯನ್ ನರ. ಒಳಗೆ ಸ್ವಲ್ಪ ಊದಿಕೊಂಡರೂ ಮೊದಲು ನಲುಗುವುದು ಈ ಮೃದುವಾದ ನರವೇ. ಇದನ್ನು ಕಾರ್ಪಲ್ ಟನಲ್ ತೊಂದರೆ ಎನ್ನುತ್ತಾರೆ.

ಹೆಬ್ಬೆರಳು, ತೋರುಬೆರಳು, ನಡುಬೆರಳು ಹಾಗೂ ಉಂಗುರಬೆರಳಿನ ಅರ್ಧಭಾಗ, ಇವು ಈ ನರದ ವ್ಯಾಪ್ತಿ. ವಿಭೂತಿ ಧರಿಸುವ ಮೂರು ಬೆರಳುಗಳ ಸ್ಪರ್ಶ ಬಹುಪಾಲು ಇದರಿಂದಲೇ. ಕಿರುಬೆರಳಿಗೆ ಜೋಮು ತಟ್ಟುವುದಿಲ್ಲ. ರಾತ್ರಿ ಎಚ್ಚರವಾಗುವುದು, ಕೈ ಕೊಡವಿದರೆ ಹಿತವೆನಿಸುವುದು ಇದರ ಮುಖ್ಯ ಲಕ್ಷಣ. ಇದು ಪುರುಷರಿಗಿಂತ ಸ್ತ್ರೀಯರಲ್ಲಿ ಹೆಚ್ಚು. ದಿನವೂ ರೊಟ್ಟಿ ತಟ್ಟುವ, ಒದ್ದೆ ಬಟ್ಟೆ ಹಿಂಡುವ ತಾಯಂದಿರಲ್ಲಿ, ಗರ್ಭಿಣಿಯರಲ್ಲಿ, ಸಕ್ಕರೆ ಕಾಯಿಲೆ ಅಥವಾ ಥೈರಾಯ್ಡ್ ಕೊರತೆ ಇರುವವರಲ್ಲಿ ಕಾಣಿಸಿಕೊಳ್ಳುತ್ತದೆ. ಎರಡೂ ಕೈಗಳ ಹಿಂಬದಿಗಳನ್ನು ಒಂದಕ್ಕೊಂದು ತಾಗಿಸಿ, ಬೆರಳುಗಳು ಕೆಳಮುಖವಾಗಿರುವಂತೆ ಮಣಿಕಟ್ಟುಗಳನ್ನು ಮಡಿಸಿ ಒಂದು ನಿಮಿಷ ಹಿಡಿದಾಗ ಈ ಬೆರಳುಗಳಲ್ಲಿ ಜೋಮು ಎದ್ದರೆ ಸಂಶಯಕ್ಕೆ ಕಾರಣವಿದೆ.

ಆರಂಭದಲ್ಲಿ, ರಾತ್ರಿ ಮಣಿಕಟ್ಟನ್ನು ನೇರವಾಗಿಡುವ ಪಟ್ಟಿ ಕಟ್ಟಿಕೊಂಡು ಮಲಗಿದರೆ ಅನೇಕರಿಗೆ ಉಪಶಮನ ದೊರೆಯುತ್ತದೆ. ನಿರ್ಲಕ್ಷಿಸಿದರೆ ಹೆಬ್ಬೆರಳಿನ ಬುಡದ ಉಬ್ಬು ಕರಗಿ, ಗುಂಡಿ ಹಾಕಲೂ ಸೂಜಿ ಹಿಡಿಯಲೂ ಆಗದ ಸ್ಥಿತಿ ಬರಬಹುದು. ಸುರಂಗದ ಮೇಲಿನ ಪಟ್ಟಿಯನ್ನು ಕತ್ತರಿಸಿ ನರವನ್ನು ಬಿಡುಗಡೆಗೊಳಿಸುವ ಸಣ್ಣ ಶಸ್ತ್ರಚಿಕಿತ್ಸೆ ಲಭ್ಯವಿದೆ. ಉಬ್ಬು ಪೂರ್ಣ ಕರಗುವ ಮುನ್ನ ಮಾಡಿಸಿದರೆ ಅದರ ಫಲ ಹೆಚ್ಚು.

ಅಲ್ನರ್ ನರ: ಮೊಣಕೈಯ ಮಿಂಚು

ಮೊಣಕೈ ಬಾಗಿಲಿಗೆ ತಾಗಿ ಕಿರುಬೆರಳಿನವರೆಗೆ ಕರೆಂಟು ಹೊಡೆದಂತಾದ ಅನುಭವ ಎಲ್ಲರಿಗೂ ಇದೆ. ಅಲ್ಲಿ ಪೆಟ್ಟು ತಿಂದದ್ದು ಅಲ್ನರ್ ನರ. ಅದು ಮೊಣಕೈಯ ಒಳಬದಿಯ ಗಂಟಿನ ಹಿಂದೆ, ಚರ್ಮದ ಅಡಿಯಲ್ಲಿಯೇ ಹಾದುಹೋಗುತ್ತದೆ. ಮೊಣಕೈ ಮಡಿಸಿ ಬಹಳ ಹೊತ್ತು ಮೊಬೈಲ್ ಹಿಡಿದಾಗ, ಗಟ್ಟಿ ಮೇಜಿನ ಮೇಲೆ ಮೊಣಕೈ ಊರಿದಾಗ ಇದು ನಲುಗುತ್ತದೆ. ಜೋಮು ಕಿರುಬೆರಳು ಮತ್ತು ಉಂಗುರಬೆರಳಿನ ಹೊರ ಅರ್ಧದಲ್ಲಿ. ಮುಂದುವರಿದರೆ ಅಂಗೈಯ ಸಣ್ಣ ಸ್ನಾಯುಗಳು ಬಡವಾಗಿ ಆ ಎರಡು ಬೆರಳುಗಳು ಕೊಕ್ಕೆಯಂತೆ ಮುದುಡುತ್ತವೆ.

ಇಲ್ಲಿ ಒಂದು ಮುಖ್ಯ ಎಚ್ಚರಿಕೆ. ಕುಷ್ಠರೋಗವು ಹೆಚ್ಚಾಗಿ ಬಾಧಿಸುವ ನರಗಳಲ್ಲಿ ಅಲ್ನರ್ ನರವೂ ಒಂದು. ಮೈಮೇಲೆ ಸ್ಪರ್ಶವಿಲ್ಲದ ಮಾಸಲು ಮಚ್ಚೆ ಇದ್ದು ಕಿರುಬೆರಳು ಜೋಮು ಹಿಡಿದಿದ್ದರೆ ಸಂಕೋಚ ಬಿಟ್ಟು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಬೇಕು. ಬಹುಔಷಧ ಚಿಕಿತ್ಸೆ ಅಲ್ಲಿ ಉಚಿತ. ರೋಗದ ಬಗೆಯನ್ನು ನೋಡಿ 6 ಅಥವಾ 12 ತಿಂಗಳ ಔಷಧದಿಂದ ರೋಗ ಪೂರ್ಣ ಗುಣವಾಗುತ್ತದೆ. ಬಚ್ಚಿಟ್ಟುಕೊಂಡು ಕಳೆದ ದಿನಗಳು ಮಾತ್ರ ಕೈಯ ಶಕ್ತಿಯನ್ನು ಕಸಿದುಕೊಳ್ಳುತ್ತವೆ.

ಸ್ನಾಯುಗಳ ನೋವು

ಜೋಮಿಲ್ಲದೆ ಬರೀ ನೋವು ಇದ್ದರೆ ತೊಂದರೆ ಹೆಚ್ಚಾಗಿ ಸ್ನಾಯು, ರಜ್ಜು ಅಥವಾ ಕೀಲಿನಲ್ಲಿರುತ್ತದೆ. ಮೊಣಕೈಯ ಹೊರಗಂಟಿನ ನೋವಿಗೆ ‘ಟೆನಿಸ್ ಎಲ್ಬೋ’ ಎಂಬ ಹೆಸರಿದ್ದರೂ, ಟೆನಿಸ್ ಕಾಣದ ಗಾರೆ ಕೆಲಸದವರಿಗೂ ಬಟ್ಟೆ ಹಿಂಡುವವರಿಗೂ ಅದು ಬರುತ್ತದೆ. ಕೆಲಸದ ಭಾರ ತಗ್ಗಿಸಿ, ಕ್ರಮವಾಗಿ ವ್ಯಾಯಾಮ ಮಾಡಿದರೆ ಬಹುತೇಕರಿಗೆ ತಿಂಗಳುಗಳಲ್ಲಿ ಶಮನವಾಗುತ್ತದೆ. ಹೆಗಲಿನ ಕೀಲನ್ನು ನಾಲ್ಕು ಸಣ್ಣ ಸ್ನಾಯುಗಳು ಸುತ್ತುವರಿದು ಹಿಡಿದಿವೆ. ವಯಸ್ಸಾದಂತೆ ಅವುಗಳ ರಜ್ಜು ಸವೆದು ಹರಿಯಬಹುದು. ಆಗ ಕೈ ಎತ್ತಿ ತಲೆ ಬಾಚುವುದೂ ಕಷ್ಟವಾಗುತ್ತದೆ. ಹೆಗಲು ಕ್ರಮೇಣ ಬಿಗಿದು ಎಲ್ಲ ದಿಕ್ಕಿಗೂ ತಿರುಗದಂತಾದರೆ ಸಕ್ಕರೆ ಕಾಯಿಲೆಯ ಪರೀಕ್ಷೆಯನ್ನೂ ಮಾಡಿಸುವುದು ಒಳಿತು.

ನರ ಕಾಯುತ್ತದೆ, ಸ್ನಾಯು ಕಾಯುವುದಿಲ್ಲ

ನರಗಳ ಗಾಯವನ್ನು ಬ್ರಿಟಿಷ್ ಶಸ್ತ್ರವೈದ್ಯ ಹರ್ಬರ್ಟ್ ಸೆಡ್ಡನ್ 1943ರಲ್ಲಿ ಮೂರು ಹಂತಗಳಾಗಿ ವಿಂಗಡಿಸಿದರು. ನರ ನಲುಗಿ ಸುದ್ದಿ ನಿಂತಿರುವುದು ಮೊದಲ ಹಂತ. ಹೊರಕವಚ ಉಳಿದು ಒಳಗಿನ ಎಳೆಗಳು ತುಂಡಾಗಿರುವುದು ಎರಡನೆಯದು. ನರವೇ ಕಡಿದುಹೋಗಿರುವುದು ಮೂರನೆಯದು. ಮೊದಲನೆಯದು ತಾನೇ ವಾಸಿಯಾಗುತ್ತದೆ. ಎರಡನೆಯದರಲ್ಲಿ ಎಳೆಗಳು ಮತ್ತೆ ಬೆಳೆಯುತ್ತವೆ. ಮೂರನೆಯದಕ್ಕೆ ಹೊಲಿಗೆ ಬೇಕೇ ಬೇಕು.

ನರದ ಎಳೆ ಬೆಳೆಯುವುದು ದಿನಕ್ಕೆ ಸುಮಾರು 1 ಮಿಲಿಮೀಟರ್ ಮಾತ್ರ. ಮೊಣಕೈಯ ಬಳಿ ಕಡಿದ ನರವು ಸುಮಾರು 30 ಸೆಂಟಿಮೀಟರ್ ದೂರದ ಅಂಗೈಯ ಸ್ನಾಯುವನ್ನು ತಲುಪಲು ಹತ್ತು ತಿಂಗಳು ಬೇಕು. ಆದರೆ ನರದ ಸಂಪರ್ಕ ತಪ್ಪಿದ ಸ್ನಾಯು ಸುಮಾರು ಒಂದೂವರೆ ವರ್ಷದೊಳಗೆ ಮತ್ತೆ ಚೇತರಿಸದಷ್ಟು ಸೊರಗುತ್ತದೆ. ಲೆಕ್ಕ ಸ್ಪಷ್ಟವಾಗಿದೆ: ‘ನೋಡೋಣ’ ಎಂದು ಕಳೆಯುವ ಆರೆಂಟು ತಿಂಗಳುಗಳೇ ಕೈ ಉಳಿಯುವುದನ್ನೂ ಅಳಿಯುವುದನ್ನೂ ನಿರ್ಧರಿಸುತ್ತವೆ. ಕುಡುಗೋಲು, ಗಾಜು, ಮೇವು ಕತ್ತರಿಸುವ ಯಂತ್ರಗಳಿಂದ ಗಾಯವಾದಾಗ ಚರ್ಮಕ್ಕೆ ಹೊಲಿಗೆ ಹಾಕಿಸಿ ಸುಮ್ಮನಾಗದೆ, ಬೆರಳುಗಳಲ್ಲಿ ಸ್ಪರ್ಶವಿದೆಯೇ, ಅವು ಆಡುತ್ತಿವೆಯೇ ಎಂದು ಅಂದೇ ಪರೀಕ್ಷಿಸಿಕೊಳ್ಳಬೇಕು. ಬೈಕಿನಿಂದ ಬಿದ್ದು ಇಡೀ ಕೈ ಸೋತವರಲ್ಲಿ ಕೊರಳಿನ ನರಜಾಲವೇ ಹರಿದಿರಬಹುದು. ಅವರನ್ನು ಮೊದಲ ವಾರಗಳಲ್ಲಿಯೇ ತಜ್ಞರ ಬಳಿಗೆ ಕರೆದೊಯ್ಯಬೇಕು.

ಅವಧಿ ಮೀರಿದ ಮೇಲೂ ಎಲ್ಲ ದಾರಿ ಮುಚ್ಚುವುದಿಲ್ಲ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಡಾ. ಪಾಲ್ ಬ್ರ್ಯಾಂಡ್ ಅವರು ಕುಷ್ಠರೋಗಿಗಳ ಮುದುಡಿದ ಕೈಗಳಿಗೆ, ಶಕ್ತಿಯಿರುವ ಸ್ನಾಯುವಿನ ರಜ್ಜುವನ್ನು ಶಕ್ತಿಗುಂದಿದ ಬೆರಳಿಗೆ ಜೋಡಿಸುವ ಶಸ್ತ್ರಚಿಕಿತ್ಸೆಯನ್ನು ಬೆಳೆಸಿದರು. ಇಂದಿಗೂ ಆ ಮಾರ್ಗ ಬಳಕೆಯಲ್ಲಿದೆ.

ಬಿಗಿಯಾದ ಕಟ್ಟಿನ ಅಪಾಯ

ಮಕ್ಕಳು ಮರದಿಂದಲೋ ಕಟ್ಟೆಯಿಂದಲೋ ಕೈಯೂರಿ ಬಿದ್ದಾಗ ಮೊಣಕೈಗಿಂತ ತುಸು ಮೇಲೆ ಮೂಳೆ ಮುರಿಯುವುದು ಸಾಮಾನ್ಯ. ಕೈಯ ಮುಖ್ಯ ರಕ್ತನಾಳ ಅದರ ಮುಂದೆಯೇ ಹಾದುಹೋಗುತ್ತದೆ. ಊತ ಏರುತ್ತಿರುವಾಗ ಬಿದಿರಿನ ದಬ್ಬೆ ಇಟ್ಟು ಬಿಗಿಯಾಗಿ ಕಟ್ಟಿದರೆ ಮುಂಗೈಯ ಸ್ನಾಯುಗಳಿಗೆ ರಕ್ತ ನಿಲ್ಲುತ್ತದೆ. ಸುಮಾರು 6 ಗಂಟೆ ಹಾಗೆಯೇ ಕಳೆದರೆ ಸ್ನಾಯು ಸಾಯತೊಡಗುತ್ತದೆ. ಮುಂದೆ ಅದು ಒಣಗಿ ಕುಗ್ಗಿ ಬೆರಳುಗಳನ್ನು ಜೀವನಪರ್ಯಂತ ಮಡಿಸಿಬಿಡುತ್ತದೆ. ಜರ್ಮನಿಯ ವೈದ್ಯ ಫೋಲ್ಕ್‌ಮನ್ 1881ರಲ್ಲಿಯೇ ಇದನ್ನು ವಿವರಿಸಿದ್ದರು.

ಪರಂಪರೆಯಿಂದ ಮೂಳೆ ಕಟ್ಟುವವರ ಬಗ್ಗೆ ಗೌರವವಿರಲಿ. ಆದರೆ ಯಾರೇ ಕಟ್ಟಿದ್ದರೂ, ಅದು ಆಸ್ಪತ್ರೆಯ ಪ್ಲಾಸ್ಟರೇ ಆಗಿದ್ದರೂ, ಮಗುವಿನ ಅಳು ಹೆಚ್ಚುತ್ತಿದ್ದರೆ, ಬೆರಳು ನೀಡಿಸಿದಾಗ ಚೀರಿದರೆ, ಬೆರಳುಗಳು ತಣ್ಣಗಾಗಿ ಬಿಳಿಚಿದರೆ ಅಥವಾ ನೀಲಿಯಾದರೆ ಬೆಳಗಾಗುವವರೆಗೆ ಕಾಯಬಾರದು. ಬಟ್ಟೆಯ ಕಟ್ಟಾಗಿದ್ದರೆ ಕೂಡಲೇ ಸಡಿಲಿಸಿ, ಪ್ಲಾಸ್ಟರಾಗಿದ್ದರೆ ಅದನ್ನು ಸೀಳಿಸಲು, ತಕ್ಷಣ ಆಸ್ಪತ್ರೆಗೆ ಹೋಗಬೇಕು.

ನಿತ್ಯದ ಎಚ್ಚರ

ಇಷ್ಟಲಿಂಗ ಪೂಜೆಯ ವೇಳೆ ಎಡಗೈ ಜೋಮು ಹಿಡಿಯುವವರು ಮೊಣಕೈಯನ್ನು ಗಟ್ಟಿ ಅಂಚಿಗೆ ಊರದೆ, ಮಡಿಚಿದ ಮೆತ್ತನೆಯ ವಸ್ತ್ರದ ಮೇಲೆ ಇರಿಸಿಕೊಳ್ಳಬಹುದು. ಮಣಿಕಟ್ಟನ್ನು ಅತಿಯಾಗಿ ಹಿಂದಕ್ಕೆ ಬಗ್ಗಿಸದೆ ಅದಕ್ಕೂ ಆಸರೆ ಕೊಡಬಹುದು. ದಾಸೋಹದ ಮನೆಯಲ್ಲಿ ರೊಟ್ಟಿ ತಟ್ಟುವವರು, ಒಬ್ಬರೇ ಗಂಟೆಗಟ್ಟಲೆ ಕೂರದೆ ಸರದಿಯಲ್ಲಿ ಕೈ ಬದಲಿಸಿಕೊಳ್ಳಲಿ. ಹೊಸ ಉಳುಕಿಗೆ ಮೊದಲ ಎರಡು ದಿನ ಬಿಸಿ ಎಣ್ಣೆಯ ನೀವುವಿಕೆ ಬೇಡ. ವಿಶ್ರಾಂತಿ ನೀಡಿ, ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಆಗಾಗ ಇಟ್ಟು, ಕೈಯನ್ನು ಎತ್ತರದಲ್ಲಿ ಇರಿಸಬೇಕು. ಸ್ಪರ್ಶ ಕಳೆದುಕೊಂಡ ಕೈಯಿಂದ ಬಿಸಿ ಪಾತ್ರೆಯನ್ನು ಮುಟ್ಟಬಾರದು. ಸುಟ್ಟದ್ದು ತಿಳಿಯುವುದೇ ಇಲ್ಲ.

ಕೆಲವು ಲಕ್ಷಣಗಳಿಗೆ ಮಾತ್ರ ಕ್ಷಣಮಾತ್ರದ ತಡವೂ ಸಲ್ಲದು. ಎಡಗೈ ನೋವಿನೊಡನೆ ಎದೆಬಿಗಿತ, ಬೆವರು ಇದ್ದರೆ ಅದು ಹೃದಯದ ಕರೆ. ಒಮ್ಮೆಲೇ ಕೈ ಸೋತು, ಬಾಯಿ ಸೊಟ್ಟಗಾಗಿ, ಮಾತು ತೊದಲಿದರೆ ಅದು ಮಿದುಳಿನ ಕರೆ. ಇವು ಕೈಯ ಕಾಯಿಲೆಗಳಲ್ಲ, ಕೈಯ ಮೂಲಕ ಬಂದ ಸುದ್ದಿಗಳು.

ಜೋಮು ಎರಡು ಮೂರು ವಾರ ಬಿಡದಿದ್ದರೆ, ಹಿಡಿದ ವಸ್ತು ಕೈಜಾರುತ್ತಿದ್ದರೆ, ಕೈಯ ಉಬ್ಬು ಕರಗುತ್ತಿದ್ದರೆ ವೈದ್ಯರನ್ನು ಕಾಣಿರಿ. ಯಾವ ಬೆರಳು ಎಂಬುದನ್ನು ಮರೆಯದೆ ಹೇಳಿರಿ. ಕಾಯಕಕ್ಕೆ ಒದಗಿದ ಕೈಯನ್ನು ಕಾಪಾಡಿಕೊಳ್ಳುವುದೂ ಒಂದು ಕಾಯಕವೇ.