ಮೂಳೆಮಜ್ಜೆ ಬಯಾಪ್ಸಿ: ರೋಗಿಗಳಿಗೂ ಕುಟುಂಬದವರಿಗೂ ಮಾಹಿತಿ

ಮೂಳೆಗಳ ಒಳಭಾಗದಲ್ಲಿರುವ ಮೃದುವಾದ ಅಂಗಾಂಶವೇ ಮೂಳೆಮಜ್ಜೆ. ಕೆಂಪು ಮತ್ತು ಬಿಳಿ ರಕ್ತಕಣಗಳು ಹಾಗೂ ಪ್ಲೇಟ್‌ಲೆಟ್‌ಗಳು ಇಲ್ಲಿ ಉತ್ಪತ್ತಿಯಾಗುತ್ತವೆ. ಇವುಗಳ ಸಂಖ್ಯೆಯಲ್ಲಿ ಕಾರಣ ತಿಳಿಯದ ಏರುಪೇರು ಕಂಡುಬಂದಾಗ ವೈದ್ಯರು ಬಯಾಪ್ಸಿಯನ್ನು ಸೂಚಿಸುತ್ತಾರೆ. ಪರೀಕ್ಷೆಗೆ ಸೂಚಿಸಿದ ಮಾತ್ರಕ್ಕೆ ಕ್ಯಾನ್ಸರ್ ಇದೆಯೆಂದು ಭಾವಿಸಬೇಕಾಗಿಲ್ಲ.

ತಪ್ಪು ಗ್ರಹಿಕೆ

ಈ ಪರೀಕ್ಷೆಯಲ್ಲಿ ಬೆನ್ನುಹುರಿಯಿಂದ ನೀರು ತೆಗೆಯಲಾಗುತ್ತದೆ, ಇದರಿಂದ ಕಾಲಿನ ಸ್ವಾಧೀನ ತಪ್ಪುತ್ತದೆ ಎಂಬ ಭಯದಿಂದ ಕೆಲವರು ಪರೀಕ್ಷೆಯನ್ನು ಮುಂದೂಡುತ್ತಾರೆ. ಇದು ಸರಿಯಲ್ಲ. ಸಾಮಾನ್ಯವಾಗಿ ಸೊಂಟದ ಮೂಳೆಯ ಹಿಂಬದಿಯ ಅಂಚಿನಿಂದ ಮಾದರಿಯನ್ನು ಪಡೆಯಲಾಗುತ್ತದೆ. ಸೂಜಿಯು ಬೆನ್ನುಹುರಿಯ ಬಳಿಗೆ ಹೋಗುವುದಿಲ್ಲ. ತೆಗೆದಷ್ಟು ಮಜ್ಜೆಯನ್ನು ದೇಹವು ಮತ್ತೆ ತುಂಬಿಕೊಳ್ಳುತ್ತದೆ. ಆದರೆ ಪರೀಕ್ಷೆ ತಡವಾದಲ್ಲಿ ಚಿಕಿತ್ಸೆಯೂ ತಡವಾಗುತ್ತದೆ.

ಪರೀಕ್ಷೆಗೆ ಮೊದಲು

1. ರಕ್ತ ತೆಳುಗೊಳಿಸುವ ಮಾತ್ರೆ, ಆಸ್ಪಿರಿನ್, ಔಷಧಿಯ ಅಲರ್ಜಿ ಹಾಗೂ ಗರ್ಭಧಾರಣೆಯ ವಿಷಯವನ್ನು ವೈದ್ಯರಿಗೆ ತಿಳಿಸತಕ್ಕದ್ದು. ಮಾತ್ರೆಗಳನ್ನು ಸ್ವಂತ ನಿರ್ಧಾರದಿಂದ ನಿಲ್ಲಿಸಬಾರದು.
2. ಹಿಂದಿನ ರಕ್ತಪರೀಕ್ಷೆಯ ವರದಿಗಳು, ಆಧಾರ್ ಚೀಟಿ ಹಾಗೂ ಪಡಿತರ ಚೀಟಿಯನ್ನು ತರುವುದು ಒಳ್ಳೆಯದು. ಸರ್ಕಾರದ ಆರೋಗ್ಯ ಯೋಜನೆಯಡಿ ದೊರೆಯುವ ಸೌಲಭ್ಯದ ಬಗ್ಗೆ ಆಸ್ಪತ್ರೆಯ ಆರೋಗ್ಯಮಿತ್ರರನ್ನು ಮುಂಚಿತವಾಗಿ ವಿಚಾರಿಸಬಹುದು.
3. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನ ಸಂದೇಹಗಳನ್ನು ಕೇಳಿ ತಿಳಿದುಕೊಳ್ಳುವುದು ರೋಗಿಯ ಹಕ್ಕು.

ಪರೀಕ್ಷೆಯ ಸಮಯದಲ್ಲಿ

ರೋಗಿಯನ್ನು ಒಂದು ಮಗ್ಗುಲಿಗೆ ಅಥವಾ ಬೋರಲಾಗಿ ಮಲಗಿಸಿ, ಆ ಭಾಗಕ್ಕೆ ಮರಗಟ್ಟಿಸುವ ಚುಚ್ಚುಮದ್ದು ನೀಡಲಾಗುತ್ತದೆ. ಮೊದಲು ಸಿರಿಂಜಿನಿಂದ ಸ್ವಲ್ಪ ದ್ರವ ಮಜ್ಜೆಯನ್ನು ಎಳೆಯಲಾಗುತ್ತದೆ. ಆಗ ಕೆಲವು ಸೆಕೆಂಡುಗಳ ಕಾಲ ಸೆಳೆತದಂತಹ ನೋವು ಉಂಟಾಗುತ್ತದೆ. ಮರಗಟ್ಟಿಸುವ ಔಷಧಿಯಿಂದ ಇದು ಪೂರ್ಣವಾಗಿ ತಪ್ಪುವುದಿಲ್ಲ. ನಂತರ ಸುಮಾರು 1ರಿಂದ 2 ಸೆಂಟಿಮೀಟರ್ ಉದ್ದದ ಮೂಳೆಯ ತುಣುಕನ್ನು ತೆಗೆಯಲಾಗುತ್ತದೆ. ಸಾಮಾನ್ಯವಾಗಿ 30 ನಿಮಿಷಗಳೊಳಗೆ ಪರೀಕ್ಷೆ ಮುಗಿಯುತ್ತದೆ. ಮಕ್ಕಳಿಗೆ ಬಹುತೇಕ ನಿದ್ರೆಯ ಔಷಧಿ ನೀಡುವುದರಿಂದ ಎಷ್ಟು ಹೊತ್ತು ಉಪವಾಸವಿರಿಸಬೇಕೆಂದು ಪೋಷಕರು ಮೊದಲೇ ಕೇಳಿಕೊಳ್ಳತಕ್ಕದ್ದು.

ಪರೀಕ್ಷೆಯ ನಂತರ

ರಕ್ತ ನಿಲ್ಲಲು ಆ ಜಾಗವನ್ನು ಒತ್ತಿ ಹಿಡಿದು ಪಟ್ಟಿ ಹಾಕಲಾಗುತ್ತದೆ. ಹೆಚ್ಚಿನವರು ಅದೇ ದಿನ ಮನೆಗೆ ತೆರಳಬಹುದು. ಪಟ್ಟಿಯನ್ನು 24 ಗಂಟೆಗಳ ಕಾಲ ಒದ್ದೆ ಮಾಡಬಾರದು, ಭಾರ ಎತ್ತಬಾರದು. ಕೆಲವು ದಿನ ನೋವಿರಬಹುದು. ವೈದ್ಯರು ಹೇಳಿದ ನೋವಿನ ಮಾತ್ರೆಯನ್ನು ಮಾತ್ರ ಸೇವಿಸತಕ್ಕದ್ದು. ನಿಲ್ಲದ ರಕ್ತಸ್ರಾವ, ಜ್ವರ, ಊತ, ಕೀವು ಅಥವಾ ಹೆಚ್ಚುತ್ತಿರುವ ನೋವು ಕಂಡುಬಂದಲ್ಲಿ ಕೂಡಲೇ ಆಸ್ಪತ್ರೆಗೆ ಬರತಕ್ಕದ್ದು.

ವರದಿ

ದ್ರವ ಮಜ್ಜೆಯ ವರದಿ ಬೇಗ ದೊರೆಯುತ್ತದೆ. ಮೂಳೆಯ ತುಣುಕಿನಲ್ಲಿರುವ ಸುಣ್ಣದ ಅಂಶವನ್ನು ತೆಗೆದ ನಂತರವೇ ಅದನ್ನು ಪರೀಕ್ಷಿಸಬೇಕಾದ ಕಾರಣ ಅದರ ವರದಿಗೆ ಹೆಚ್ಚು ದಿನ ಬೇಕಾಗುತ್ತದೆ. ಮನೆಗೆ ಹೊರಡುವ ಮೊದಲೇ ವರದಿಯ ದಿನಾಂಕವನ್ನು ಬರೆಸಿಕೊಂಡು, ನೋವು ಕಡಿಮೆಯಾಗಿದ್ದರೂ ಅಂದು ತಪ್ಪದೆ ವೈದ್ಯರನ್ನು ಕಾಣತಕ್ಕದ್ದು.